ರೇಡಿಯೋ ಕೇಂದ್ರಕ್ಕೆ ಹೋದ ಚಂದ್ರಿಕೆ

"ಕೇರಿ ಮುದುಕಿ ಮಾತು ರೇಡಿಯೋದಲ್ಲಾ? ಆಗೋ ಹೋಗೋ ಮಾತಾಡಮ್ಮ" ಅಂದವರು ನಮ್ಮೂರ ಮೇಲಿನ ಬೀದಿಯ ಕೆಂಪಣ್ಣನವರು. ಟೀ ಅಂಗಡಿ ಮುಂದೆ ನಾಲ್ಕು ಜನ ಕೇಳುವ ಹಾಗೇ ನನಗೆ ಅಂದರು. ಆ ಮುದುಕಿ ನಮ್ಮಜ್ಜಿ. ಈಗಲೂ ಶಿಡ್ಲಘಟ್ಟದಲ್ಲಿ ಬಸ್ಸಿಳಿದಾಗ ಬೇಯುವ ರೇಷ್ಮೆಗೂಡಿನ ವಾಸನೆ ಬಡಿದರೆ ಪಕ್ಕದವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನಾನು ಉಸಿರೆಳೆದುಕೊಂಡು ನಿಲ್ಲುತ್ತೇನೆ. ನನಗದು ಅಜ್ಜಿಯ ಸೀರೆಯ ವಾಸನೆ. ಒಂದೇ ಕೋಣೆಯ ನಮ್ಮ ಮನೆಯ ಚಾಪೆ, ಗೋಡೆ, ಮುದ್ದೆ ಕೋಲು ಎಲ್ಲಕ್ಕೂ ಅದೇ ವಾಸನೆ. ಬೆಳಿಗ್ಗೆ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಗೂಡು ಬೇಯಿಸಿ ಬಂದವಳು ಮಧ್ಯಾಹ್ನ ಯಾರದಾದರೂ ಜಗುಲಿಯಲ್ಲಿ ಕೂತು, ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಆ ದೊಡ್ಡ ಬಿದಿರು ತಟ್ಟಿಯಿಂದ, ಒಂದೊಂದೇ ಗೂಡು ಬಿಡಿಸುತ್ತಾ ನನಗೆ ಹಳೇ ಕಾಲ ಹೇಳುತ್ತಿದ್ದಳು.

ತಾತ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ಕೆಲಸ. ಅವನು ಕಾಲು ಮುರಿದುಕೊಂಡು ಮಲಗಿದ ಮೇಲೆ ನಾಲ್ಕು ವರ್ಷ ಆ ಕೆಲಸ ಮಾಡಿದ್ದು ಅಜ್ಜಿ. ಊರು ಅದನ್ನು ಮರೆತಿತ್ತು ಅಂತ ನಾನು ಹೇಳುವುದಿಲ್ಲ. "ಹೆಂಗಸು ತೂಬು ಮುಟ್ಟಿದ್ದೇ ಇಲ್ಲ" ಅಂತ ಬಾಯಿಬಿಟ್ಟೇ ಹೇಳುತ್ತಿತ್ತು. ನಿಮ್ಮ ಮನೆಯಲ್ಲೂ ದುಡಿದೂ ಲೆಕ್ಕಕ್ಕೇ ಸಿಗದೆ ಹೋದವರು ಒಬ್ಬರಾದರೂ ಇದ್ದಿರಬೇಕು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹತ್ತಿರದಲ್ಲೇ ಸಮುದಾಯ ರೇಡಿಯೋ ಕೇಂದ್ರ ಬಂತು. ಹಿರಿಯರ ಮಾತು ರೆಕಾರ್ಡ್ ಮಾಡುವುದನ್ನು ಅಲ್ಲಿನವರು ನಮ್ಮಂಥ ಶಾಲೆ ಮಕ್ಕಳಿಗೆ ಕಲಿಸಿದರು. ಅಜ್ಜಿಗೆ ಒಗೆದ ಸೀರೆ ಉಡಿಸಿ, "ಕೈ ಆಡಿಸಬೇಡ, ಮೈಕಿಗೆ ಸದ್ದಾಗುತ್ತೆ" ಅಂತ ಸ್ಟುಡಿಯೋ ಕುರ್ಚಿಯಲ್ಲಿ ಕೂರಿಸಿದೆ. ಅಲ್ಲೇ ಎಡವಿದ್ದು. ಕೈ ತೊಡೆ ಮೇಲೆ, ಬಾಯಿ ಬಂದ್. "ನಾಕೇಮಿ ತೆಲುಸಮ್ಮ, ನಂಗೇನ್ ಗೊತ್ತು" ಅಂತ ಎದ್ದೇಬಿಟ್ಟಳು. ಅವಳ ಮಾತು ಇದ್ದದ್ದು ಬೆರಳಲ್ಲಿ ಅಂತ ಆಗ ಹೊಳೆಯಿತು. ಮಾರನೇ ದಿನ ಗೂಡು ತುಂಬಿದ ಚಂದ್ರಿಕೆಯೊಂದನ್ನು ಕೇಳಿ ತಲೆ ಮೇಲೆ ಹೊತ್ತು ತಂದೆ. ಸ್ಟುಡಿಯೋ ಬಾಗಿಲಲ್ಲಿ ಅದು ನುಗ್ಗಲಿಲ್ಲ. "ಅದು ಬರಲ್ಲ, ನಾನೂ ಬರಲ್ಲ" ಅಂತ ಅಜ್ಜಿ ಹೊರಗೇ ಚಕ್ಕಂಬಕ್ಕಲ ಹಾಕಿ ಕೂತಳು. ಕಾಗೆ ಕೂಗು, ಆಟೋ ಹಾರನ್ನು ಎಲ್ಲಾ ಸೇರಿಕೊಂಡೇ ರೆಕಾರ್ಡ್ ಆಯಿತು. ಬೆರಳು ಗೂಡು ಬಿಡಿಸಿದ ಹಾಗೆ ಗದ್ದೆಗಳು ಒಂದೊಂದಾಗಿ ಬಂದವು. "ಮೊದ್ಲು ಹುಣಸೇಮರದ ಗದ್ದೆ, ಆಮೇಲೆ ಬಾವಿ ಗದ್ದೆ, ಕೆಂಪಣ್ಣೋರದು ಕೊನೇದು. ಅವರಪ್ಪ ನನ್ನತ್ರಾನೇ ಬಂದು 'ಮುನಿಯಮ್ಮ, ಇನ್ನೊಂದ್ ಗಳಿಗೆ ಬಿಡೇ' ಅಂತಿದ್ರು!"

ಸುದ್ದಿ ತಿಳಿದು ಕೆಂಪಣ್ಣನವರು ಕೇಂದ್ರಕ್ಕೇ ಬಂದರು. "ನೀರುಗಂಟಿ ಅವಳ ಗಂಡ. ಆ ಭಾಗ ತೆಗೀರಿ." ಕೇಂದ್ರದ ಅಣ್ಣ ನನ್ನ ಮುಖ ನೋಡಿದರು. ನಾನೇ ಅಂದೆ: "ಹಂಗಾದ್ರೆ ಗದ್ದೆ ಸರದಿ ನೀವೇ ಹೇಳಿ ಯಜಮಾನ್ರೇ, ರೆಕಾರ್ಡ್ ಮಾಡ್ಕೊತೀನಿ." ಅವರಿಗೆ ಸರದಿಯಲ್ಲಿ ತಮ್ಮ ಗದ್ದೆಗಿಂತ ಮುಂಚಿನದು ಯಾವುದು ಅಂತಲೂ ಗೊತ್ತಿರಲಿಲ್ಲ. ಒಂದು ಮಾತೂ ತೆಗೆಯದೆ ಪ್ರಸಾರವಾಯಿತು.

ಇವತ್ತು ಆ ಮನೆಯ ಜಾಗದಲ್ಲಿ ಜಾಲಿ ಬೆಳೆದಿದೆ, ತೂಬು ಹೂಳಿನಡಿ ಇದೆ, ಅಜ್ಜಿ ಇಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆದರೂ ನನ್ನ ಸರ್ಟಿಫಿಕೇಟಿಗಿಂತ ಅವಳದನ್ನೇ ಹೆಚ್ಚು ಸಲ ತೆಗೆದು ನೋಡಿದ್ದೇನೆ. ಆ ವರ್ಷ ಮಾತಾಡಿದ ಹಿರಿಯರಿಗೆಲ್ಲ ಕೇಂದ್ರದವರು ಕೊಟ್ಟದ್ದು ಅದು. ಹಂಚುವ ಸಭೆಗೆ ಮುಂಚೆ ನೋಡಿದಾಗ ಅದರಲ್ಲಿ 'ನೀರುಗಂಟಿಯ ಹೆಂಡತಿ' ಅಂತ ಬರೆದಿದ್ದರು. ಹಿಂದಕ್ಕೆ ಕೊಟ್ಟು, ಹೊಸದು ಬರೆಯುವವರೆಗೂ ಅವರ ಮೇಜಿನ ಮುಂದೆ ನಿಂತೇ ಇದ್ದೆ. ಸಭೆಯಲ್ಲಿ ಅದನ್ನು ಎರಡೂ ಕೈಯಲ್ಲಿ ಇಸಕೊಂಡ ಅಜ್ಜಿ ನೆಟ್ಟಗೆ ನನ್ನ ಹತ್ತಿರ ಬಂದಳು. "ಏನ್ ಬರ್ದವ್ರೆ ಓದಮ್ಮ."

"ನೀರುಗಂಟಿ ಮುನಿಯಮ್ಮ" ಅಂತ ಓದಿದೆ.

"ಮೆಲ್ಲಗ್ಯಾಕೆ ಓದ್ತೀಯ, ಕದ್ದಿದ್ದಾ ಏನು? ಜೋರಾಗ್ ಓದೇ" ಅಂದಳು.