ಅತ್ತೆ ಬೈಂಡಿಂಗ್ ಅಂಗಡಿಗೆ ಬಂದ ದಿನ

ಪ್ರೆಸ್ಸುಗಳ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಬೈಂಡಿಂಗ್ ಅಕ್ಕ. ಬೆನ್ನು ಕಿತ್ತುಹೋದ ನಿಘಂಟು, ಮಕ್ಕಳ ಕೈಗೆ ಸಿಕ್ಕಿ ಚಿಂದಿಯಾದ ಪಾಠಪುಸ್ತಕ, ವಕೀಲರ ಆಫೀಸಿನ ಇಟ್ಟಿಗೆಯಂಥ ಸಂಪುಟ, ಏನೇ ಆಗಲಿ, ಓಣಿಯ ತುದಿಯ ಆ ಉದ್ದನೆಯ ಕೋಣೆಗೆ ಬಂದ ಮೇಲೆ ಅವಳ ಕೈ ದಾಟದೆ ಹೊರಗೆ ಹೋಗುವುದಿಲ್ಲ. ಶಾಲೆ ಮುಗಿದ ರಜೆಯಲ್ಲಿ ಹೊತ್ತು ಹೋಗಲೆಂದು ಸೇರಿದವಳು ಮದುವೆ, ಬಾಣಂತನ ಎಲ್ಲ ಮುಗಿಸಿಯೂ ಅಲ್ಲೇ ಉಳಿದಳು. ಮಡಚಿದ ಹಾಳೆಗಳ ಕಂತೆಗೆ ಅಲ್ಲಿ ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಲು ಕೂತರೆ ಅವಳಿಗೆ ಲೋಕವೇ ಮರೆತುಹೋಗುತ್ತದೆ. ಅಂಗಡಿಯ ಯಜಮಾನರು ಹೊಸಬರಿಗೆ ಕೆಲಸ ಕಲಿಸುವಾಗ, "ನನ್ನನ್ನ ನೋಡ್ಬೇಡಿ, ಆಕೆ ಬೆರಳು ನೋಡಿ" ಅನ್ನುತ್ತಾರೆ.

ಅಂಥ ಗಟ್ಟಿಗಿತ್ತಿ, ಮಗಳು ಹುಟ್ಟಿದ ಮೇಲೆ ಯಾಕೋ ಸೊರಗುತ್ತ ಬಂದಳು. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಬಾಚಣಿಗೆ ತುಂಬ ಕೂದಲು. ತಿಂದದ್ದು ಹೊಟ್ಟೆಯಲ್ಲಿ ಉಬ್ಬಿ ಕೂತುಬಿಡುತ್ತಿತ್ತು, ಇಲ್ಲವೇ ಓಡಿಸುತ್ತಿತ್ತು. ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ನುಂಗಿ ನುಂಗಿ ಸಾಕಾದರೂ ರಕ್ತ ಮಾತ್ರ ಇದ್ದಲ್ಲೇ ಇತ್ತು. ಮನೆಯಲ್ಲಿ ಎಲ್ಲರೂ ಚಿನಕುರಳಿ ಎಂದು ಕರೆಯುವ ನಾಲ್ಕು ವರ್ಷದ ಮಗಳು, ಎತ್ತಿಕೋ ಎಂದು ಕೈ ಚಾಚಿ, ಆಮೇಲೆ ತಾನೇ ಕೈ ಇಳಿಸಿ, "ಬೇಡ ಬಿಡು, ಅಮ್ಮಂಗೆ ಬ್ಯಾಟರಿ ಇಲ್ಲ" ಅಂದ ದಿನ ಅವಳು ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಹೋದಳು. ಗಂಡನೂ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದ.

ಡಾಕ್ಟರಮ್ಮ ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿ, "ಗೋಧಿದು ಏನೇನು ತಿಂತೀರಿ?" ಎಂದು ಕೇಳಿದರು.

"ಏನು ತಿನ್ನಲ್ಲ ಅಂತ ಕೇಳಿ ಡಾಕ್ಟ್ರೇ. ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು, ಸಾಕಾದ ದಿನ ರಾತ್ರಿಗೆ ನೂಡಲ್ಸು. ಬಿಟ್‌ಬಿಡ್ಲಾ?"

"ಅಯ್ಯೋ, ಈಗ್ಲೇ ಬಿಡ್ಬೇಡಿ! ಪರೀಕ್ಷೆ ಎಲ್ಲ ಮುಗಿಯೋ ತನಕ ಏನು ತಿಂತಿದ್ರೋ ಅದನ್ನೇ ತಿನ್ನಿ. ಮೊದ್ಲೇ ಬಿಟ್ರೆ ಕಾಯಿಲೆ ಇದ್ರೂ ಇಲ್ಲ ಅಂತ ರಿಪೋರ್ಟ್ ಬರುತ್ತೆ."

ಹೊರಗೆ ಬಂದ ಮೇಲೆ ಗಂಡ ನಕ್ಕ. ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟದ್ದು ಕೆಟ್ಟಿರುವಾಗಲೇ ನೋಡಬೇಕು ಎಂಬುದು ಅವನಿಗೆ ಹೊಸ ಮಾತಲ್ಲ. "ಕಳ್ಳ ಮನೆಯೊಳಗೆ ಇರುವಾಗ್ಲೇ ಬಾಗಿಲು ಹಾಕ್ಬೇಕು ಅಂತಾರೆ. ತಿನ್ನು, ಚೆನ್ನಾಗಿ ತಿನ್ನು."

ಮೊದಲು ರಕ್ತ ತೆಗೆದರು. ಅದರಲ್ಲಿ ಹುಡುಕಿದ ಪ್ರತಿಕಾಯದ ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಮೇಲಿತ್ತು. ಆಮೇಲೆ ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರುಗಳನ್ನು ಚಿವುಟಿ ತೆಗೆದು ಪರೀಕ್ಷೆಗೆ ಕಳಿಸಿದರು. ಸೀಲಿಯಾಕ್ ಕಾಯಿಲೆ ಎಂದು ಖಚಿತವಾಯಿತು. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಶವನ್ನು ಮೈ ಶತ್ರು ಎಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದೆ, ಯುದ್ಧದಲ್ಲಿ ಹಾಳಾಗುವುದು ಸ್ವಂತ ಕರುಳು. "ಕರುಳಿನ ಒಳಗಡೆ ಹೊಸ ಟವೆಲ್ ಇರುತ್ತಲ್ಲ, ಹಾಗೆ ಎಳೆ ಎಳೆಯಾಗಿರ್ಬೇಕು. ನಿಮ್ದು ಸವೆದ ಟವೆಲ್ ಥರ ನುಣ್ಣಗಾಗಿದೆ. ಮಾತ್ರೆ ನುಂಗಿದ್ರೂ ಹೀರ್ಕೊಳ್ಳೋಕೆ ಏನೂ ಇಲ್ಲ" ಅಂದರು ಡಾಕ್ಟರಮ್ಮ. ಗ್ಲುಟನ್ ಪೂರ್ತಿ ಬಿಟ್ಟರೆ ಎಳೆಗಳು ಮತ್ತೆ ಬೆಳೆಯುತ್ತವೆ, ಆದರೆ ಬಿಡುವುದೆಂದರೆ ಜೀವನಪೂರ್ತಿ, ತುಣುಕೂ ಕೂಡದು. ಇದಕ್ಕೆ ಬೇರೆ ಔಷಧಿ ಇಲ್ಲ.

ಔಷಧಿ ಇಲ್ಲ ಎಂಬ ಮಾತು ಕೇಳಿ ಹೆದರದವರು ಮನೆಯಲ್ಲಿ ಒಬ್ಬರೇ, ಅವಳ ಅತ್ತೆ. ಹಾಸ್ಟೆಲ್ಲಿನ ಅಡುಗೆಮನೆಯನ್ನು ವರ್ಷಗಟ್ಟಲೆ ಆಳಿ ನಿವೃತ್ತರಾದವರು. "ಊಟದಲ್ಲೇ ವಾಸಿಯಾಗುತ್ತೆ ಅಂದ್ಮೇಲೆ ಅದು ನನ್ನ ಇಲಾಖೆ" ಎಂದು ಸೆರಗು ಸಿಕ್ಕಿಸಿದರು. ಬ್ರೆಡ್ ಸುಡುವ ಟೋಸ್ಟರ್ ಪಕ್ಕದ ಮನೆ ಸೇರಿತು. ಬಿರುಕಿನಲ್ಲಿ ಹಿಟ್ಟು ಕೂತಿರುತ್ತದೆಂದು ಮರದ ಸೌಟು, ಹೆಚ್ಚುವ ಮಣೆ, ಜರಡಿ ಎಲ್ಲ ಹೊಸದಾದವು. ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುತ್ತ ನಿಂತುಬಿಡುತ್ತಿದ್ದರು. ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ ಎಂದು ಪತ್ತೆಯಾದ ದಿನ ಬಾಟಲಿಯನ್ನು ಕಿವಿ ಹಿಡಿದ ಹಾಗೆ ಹಿಡಿದು ತಂದು ತೋರಿಸಿದರು. ಅನ್ನ, ಆಲೂಗಡ್ಡೆ, ಮೊಟ್ಟೆ, ಜೋಳ, ಬೇಳೆ, ಹಣ್ಣು. ಇಷ್ಟಿದ್ದರೆ ನಿನಗೇನು ಬಡತನ ಎಂದರು. ಮಗ ಹೊರಗೆ ಬನ್ನು ತಿಂದು ಬಂದರೆ ಬಾಗಿಲಲ್ಲೇ ತಡೆ: "ಮೊದ್ಲು ಕೈ ತೊಳಿ. ಮೀಸೆನೂ."

ಆರು ತಿಂಗಳು ಕಳೆದು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಕದಲಿರಲಿಲ್ಲ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಇಷ್ಟೊತ್ತಿಗೆ ಇಳೀತಾ ಇರ್ಬೇಕಿತ್ತು. ಎಲ್ಲಿಂದ್ಲೋ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗ್ತಿರೋ ಹಾಗಿದೆ. ಮುಂದಿನ ಸಲಾನೂ ಹೀಗೇ ಇದ್ರೆ ಮತ್ತೆ ಕೊಳವೆ ಇಳಿಸಿ ನೋಡ್ಬೇಕು, ಕರುಳಿನ ಉರಿಯೂತ ತಗ್ಗಿಸೋ ಜೋರಾದ ಔಷಧಿ ಯೋಚನೆ ಮಾಡ್ಬೇಕು. ಅಷ್ಟರೊಳಗೆ ಹುಡುಕಿ. ಮನೇಲಿ ಅಡುಗೆ ಯಾರು ಮಾಡೋದು?"

ಆ ಪ್ರಶ್ನೆಯನ್ನು ಗಂಡ ಮನೆಗೆ ಹೊತ್ತು ತಂದ. ಊಟದ ಹೊತ್ತಿಗೆ, ತಟ್ಟೆ ನೋಡುತ್ತಲೇ ಕೇಳಿದ: "ಅಮ್ಮಾ, ಮರೆತು ಏನಾದ್ರೂ ಬೆರೆಸಿರ್ಬಹುದಾ?"

ಅತ್ತೆ ಸೌಟನ್ನು ಪಾತ್ರೆಯೊಳಗೇ ಬಿಟ್ಟರು. "ನಾನು? ಮರೆತು?"

"ಹಾಗಲ್ಲ ಅತ್ತೆ" ಎಂದು ಸೊಸೆ ಹೇಳಿದಳು. ಆದರೆ ಹೇಳುವುದಕ್ಕೆ ಮುಂಚೆ ಒಂದು ಗಳಿಗೆ ತಡವಾಯಿತು. ಆ ಗಳಿಗೆಯಲ್ಲಿ ಅವಳ ಕಣ್ಣು ತನ್ನ ತಟ್ಟೆಯ ಮೇಲೆ ಹೋಗಿ ಬಂದದ್ದನ್ನು ಅತ್ತೆ ನೋಡಿಬಿಟ್ಟರು.

ಮರುದಿನ ಬೆಳಿಗ್ಗೆ ಒಲೆ ತಣ್ಣಗಿತ್ತು. ಅತ್ತೆ ಕುರ್ಚಿಯಲ್ಲಿ ಕೂತು, "ನಿನ್ ಡಬ್ಬಿ ನೀನೇ ಕಟ್ಕೊ. ನಾನು ಕೈ ಹಾಕಲ್ಲ" ಅಂದರು. ಅವಳು ಅನ್ನಕ್ಕಿಟ್ಟು, ಮೊಟ್ಟೆ ಬೇಯಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಹೊಟ್ಟೆನೋವಿಗಿಂತ ಆ ಒಂದು ಗಳಿಗೆಯೇ ಹೆಚ್ಚು ಕೊರೆಯಿತು. ತನಗಾಗಿ ಇಡೀ ಮನೆಯ ಬಾಯಿಗೆ ಬೀಗ ಹಾಕಿದ ಹೆಂಗಸನ್ನೇ ಅನುಮಾನಿಸಿದ್ದಾಯಿತಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಭೂತಗನ್ನಡಿ.

"ಅತ್ತೇ! ಏನಾಯ್ತು?"

"ಏನೂ ಆಗಿಲ್ಲ. ನನ್ನ ಅಡುಗೆಮನೆ ಎಲ್ಲ ಜಾಲಾಡಿದ್ದಾಯ್ತು, ಈಗ ನಿಂದು ನೋಡ್ತೀನಿ." ರಟ್ಟಿನ ರಾಶಿಯ ಮೇಲೆ ಕೂತರು. "ನಿನ್ ಕೆಲಸ ನೀನು ಮಾಡು. ನಾನು ಬಂದೇ ಇಲ್ಲ ಅನ್ಕೊ."

ಬಂದೇ ಇಲ್ಲ ಎಂದುಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಸೊಸೆ ಸೋಪು ಹಾಕಿ ಕೈ ತೊಳೆದಳು, ಅತ್ತೆ ಸೋಪು ನೋಡಿದರು. ತನ್ನದೇ ಡಬ್ಬಿ, ತನ್ನದೇ ಚಮಚ, ತನ್ನದೇ ನೀರಿನ ಬಾಟಲಿ. ಯಾರ ಡಬ್ಬಿಗೂ ಕೈ ಹಾಕಲಿಲ್ಲ, ಯಾರಿಂದಲೂ ಬಿಸ್ಕತ್ತು ತೆಗೆದುಕೊಳ್ಳಲಿಲ್ಲ. ಅತ್ತೆಯ ಮುಖ ಸಪ್ಪಗಾಯಿತು. ತಪ್ಪು ಇಲ್ಲಿಯೂ ಇಲ್ಲ ಎಂದರೆ ಮತ್ತೆ ಅದು ತಮ್ಮ ಒಲೆಯ ಬುಡಕ್ಕೇ ಬರುತ್ತದೆ.

ಊಟ ಮುಗಿಸಿ ಅವಳು ನಿಘಂಟಿನ ಕೆಲಸಕ್ಕೆ ಕೂತಳು. ಬೆನ್ನಿಗೆ ಅಂಟು ಬಳಿದಳು, ಚೆಲ್ಲಿದ್ದನ್ನು ಬೆರಳಿನಲ್ಲಿ ಒರೆಸಿದಳು. ಮುಂದಿನ ಪುಸ್ತಕದ ಫಾರಂ ಎಣಿಸಬೇಕು. ಬೆರಳು ನಾಲಿಗೆಗೆ ಹೋಯಿತು, ಹಾಳೆ ಸರಿಯಿತು. ಮತ್ತೆ ನಾಲಿಗೆ, ಮತ್ತೆ ಹಾಳೆ. ಅಂಟು, ನಾಲಿಗೆ, ಹಾಳೆ. ಓಣಿಯವರೆಲ್ಲ ಹೊಗಳುವ ವೇಗ.

"ನಿಲ್ಲು, ನಿಲ್ಲು. ಬಾಯಿಗೆ ಏನು ಹಾಕ್ಕೊಂಡೆ?"

"ನಾನಾ? ಏನೂ ಇಲ್ವಲ್ಲ ಅತ್ತೆ."

"ಈಗ ತಾನೇ ಹಾಕ್ಕೊಂಡ್ಯಲ್ಲೇ!"

"ಓ, ಬೆರಳಾ? ಹಾಳೆ ಬಿಡಿಸೋಕೆ."

"ಆ ಬೋಗುಣಿಯಲ್ಲಿರೋದೇನು?"

"ಅಂಟು."

"ಅಂಟು ಅನ್ನೋದು ಕಣ್ಣಿಗೆ ಕಾಣುತ್ತೆ. ಯಾವುದ್ರಲ್ಲಿ ಮಾಡಿದ್ದು?"

ಉತ್ತರ ಕೊಟ್ಟವರು ಯಜಮಾನರು. ತಮ್ಮ ಅಂಟಿನ ಬಗ್ಗೆ ಯಾರಾದರೂ ಕೇಳಲಿ ಎಂದು ಕಾದಿರುವ ಮನುಷ್ಯ. "ದಿನಾ ಬೆಳಿಗ್ಗೆ ನಾನೇ ಕಾಸೋದು ಕಣಮ್ಮ. ಒಳ್ಳೇ ಮೈದಾ, ಒಂದು ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರೀಲಿ..."

ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಬೈಂಡಿಂಗ್ ಅಕ್ಕ ತನ್ನ ಬೆರಳನ್ನೇ ದಿಟ್ಟಿಸುತ್ತಿದ್ದಳು. ಮೈದಾ ಎಂದರೆ ಗೋಧಿ. ತಿನ್ನುವ ಪದಾರ್ಥಗಳನ್ನೆಲ್ಲ ಅನುಮಾನಿಸಿದ್ದಳು. ಅಂಟು ಅವಳ ಲೆಕ್ಕದಲ್ಲಿ ತಿನ್ನುವ ಪದಾರ್ಥವೇ ಆಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ, ತುತ್ತಿನ ಮೇಲೆ ತುತ್ತು, ತನಗೆ ತಾನೇ ಉಣಿಸಿಕೊಳ್ಳುತ್ತ ಬಂದಿದ್ದಳು.

"ಅತ್ತೆ," ಅಂದಳು, "ನಾನು ನಿಮ್ಮನ್ನ..."

"ಅದೆಲ್ಲ ಆಮೇಲೆ. ಮೊದ್ಲು ಹೋಗಿ ಬಾಯಿ ಮುಕ್ಕಳಿಸು."

ಯಜಮಾನರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಮುಖ ಊದಿತು. "ಈ ಅಂಟಲ್ಲಿ ಕೂರಿಸಿದ ಪುಸ್ತಕ ಇವತ್ತಿಗೂ ಒಂದೂ ವಾಪಸ್ ಬಂದಿಲ್ಲ. ಈಗ ನನ್ನ ಅಂಟೇ ವಿಷ ಆಯ್ತಾ?"

"ವಿಷ ನಿಮಗಲ್ಲ, ಇವಳಿಗೆ" ಅಂದರು ಅತ್ತೆ. "ನನ್ನ ಟೋಸ್ಟರೂ ಚೆನ್ನಾಗೇ ಇತ್ತು. ಕೊಟ್‌ಬಿಡ್ಲಿಲ್ವಾ?"

ಯಜಮಾನರು ಬೈಂಡಿಂಗ್ ಅಕ್ಕನ ಕಡೆ ತಿರುಗಿದರು. "ಹಾಗಾದ್ರೆ ಏನ್ ಮಾಡೋಣ ಅಂತೀಯಮ್ಮ? ಕೆಲಸ ಬಿಡ್ತೀಯಾ?"

ಬಾಯಿ ಒರೆಸಿಕೊಳ್ಳುತ್ತ ಬಂದ ಅವಳು ಬೋಗುಣಿಯನ್ನು ಮೇಜಿನಿಂದ ಎತ್ತಿ ಅವರ ಕೈಗಿಟ್ಟಳು. "ನಾನು ಎಲ್ಲಿಗೂ ಹೋಗಲ್ಲ ಯಜಮಾನ್ರೇ. ಹೋಗ್ಬೇಕಾಗಿರೋದು ಇದು. ಬೇರೆ ಅಂಟು ನಾನು ಮಾಡಿ ತೋರಿಸ್ತೀನಿ. ಹಿಡೀಲಿಲ್ಲ ಅಂದ್ರೆ ಆಗ ಬೈಯಿರಿ."

ಮೊದಲ ಸಲ ಹಿಡಿಯಲಿಲ್ಲ. ಮೆಕ್ಕೆಜೋಳದ ಪಿಷ್ಟದಲ್ಲಿ, ಗೋಧಿ ಬೆರೆತಿಲ್ಲ ಎಂದು ಪೊಟ್ಟಣ ಓದಿಯೇ ತಂದದ್ದರಲ್ಲಿ, ಅತ್ತೆ ಸೊಸೆ ಸೇರಿ ಮನೆಯ ಒಲೆಯ ಮೇಲೆ ಅಂಟು ಕಾಸಿದರು. ಅದು ಗಂಜಿಯ ಹಾಗೆ ನೀರಾಯಿತು, ಕಾಗದ ಸುಕ್ಕಾಗಿ ಎದ್ದುಬಂತು. ಯಜಮಾನರು ಮೀಸೆಯೊಳಗೆ ನಕ್ಕರು. ಎರಡನೆಯ ಸಲ ಗಟ್ಟಿಯಾಗಿ, ಅಲುಗುವ ಮುದ್ದೆಯಾಯಿತು. ಮೂರನೆಯ ಸಲ ಅಂಗಡಿಯ ಒಲೆಯ ಮೇಲೇ ಕಾಸುವಾಗ ಯಜಮಾನರಿಗೇ ತಡೆಯಲಾಗಲಿಲ್ಲ, ಸೌಟು ಕಿತ್ತುಕೊಂಡರು. "ಉರಿ ಜಾಸ್ತಿ ಆಯ್ತು." "ಉರಿ ಸರಿಯಾಗೇ ಇದೆ, ನೀವು ತಿರುಗಿಸೋದು ನಿಧಾನ" ಎಂದು ಅತ್ತೆ ಪಕ್ಕದಿಂದ. ಒಲೆ ಕಂಡ ಇಬ್ಬರು ಹಿರಿಯರ ಜಗಳದಲ್ಲಿ ಅಂಟು ಹದಕ್ಕೆ ಬಂತು. ರಟ್ಟಿನ ಮೇಲಿನ ಕಾಗದಕ್ಕೆ ಅದೇ ಸಾಕು. ಬೆನ್ನಿಗೆ ಮಾತ್ರ ಬಡಗಿಗಳು ಬಳಸುವ ಬಿಳಿ ಅಂಟು. ಒಣಗಿದ ಪುಸ್ತಕವನ್ನು ಯಜಮಾನರು ಎರಡೂ ಕೈಯಲ್ಲಿ ಹಿಡಿದು ಎಳೆದರು, ತಿರುಚಿದರು, ಕೊನೆಗೆ ಮೇಜಿನ ಮೇಲೆ ಕುಕ್ಕಿದರು. "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿದ್ದಿಲ್ಲ.

ಮೈದಾ ಡಬ್ಬಿ ಹೊರಗೆ ಹೋಯಿತು. ಹಳೆಯ ಬ್ರಷ್ಷುಗಳೂ ಹೋದವು, ಮೇಜನ್ನು ಕೆರೆದು ತೊಳೆದರು. ಅಷ್ಟೆಲ್ಲ ಆದರೂ ಹೋಗಲೊಪ್ಪದ್ದು ಒಂದೇ, ನಾಲಿಗೆಗೆ ಓಡುವ ಬೆರಳು. ಬ್ಯಾಂಕಿನಲ್ಲಿ ನೋಟು ಎಣಿಸುವವರ ಹಾಗೆ ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡಳು. ಬೆರಳು ಅದನ್ನು ದಾಟಿ ಬಾಯಿಗೇ ಬರುತ್ತಿತ್ತು. ಹೆಬ್ಬೆರಳು ಚೀಪುವ ಮಕ್ಕಳಿಗೆ ಮಾಡುವಂತೆ ಅತ್ತೆ ಕಹಿ ಮಾತ್ರೆಯೊಂದನ್ನು ಅರೆದು ಹಚ್ಚಿ ಕಳಿಸಿದರು. ಚಿನಕುರಳಿ ಅದನ್ನು ನೋಡಿ ಕುಣಿದಾಡಿದಳು: "ಅಮ್ಮ ಪಾಪು! ಅಮ್ಮ ಬೆರಳು ಚೀಪ್ತಾಳೆ!" ಕೆಲಸದ ವೇಗ ಅರ್ಧಕ್ಕೆ ಬಿತ್ತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕಲಿತ ಕೈ ಇನ್ನೊಮ್ಮೆ ಕಲಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಕಲಿಯಿತು.

ಈ ನಡುವೆ ಡಾಕ್ಟರಮ್ಮನ ಮಾತಿನಂತೆ, ಪಕ್ಕದ ಮನೆಯಲ್ಲಿ ದಿನಾ ಬ್ರೆಡ್ಡು ತಿನ್ನುತ್ತಲೇ ಇದ್ದ ಮಗಳಿಗೂ ರಕ್ತ ಪರೀಕ್ಷೆ ಮಾಡಿಸಿದರು. ಹತ್ತಿರದ ರಕ್ತಸಂಬಂಧಿಗಳಿಗೂ ಈ ಕಾಯಿಲೆ ಇರುವ ಸಾಧ್ಯತೆ ಹೆಚ್ಚಂತೆ. ಏನೂ ಸಿಗಲಿಲ್ಲ. ಆದರೆ ಇಂದು ಇಲ್ಲ ಎಂದರೆ ಎಂದೂ ಬಾರದು ಎಂದಲ್ಲ, ಆಗಾಗ ನೋಡಿಸುತ್ತಿರಿ ಎಂದರು. ಸರಿ, ನೋಡಿಸೋಣ ಎಂದು ಅವಳು ಮಗಳಿಗೆ ಬಲೂನು ಕೊಡಿಸಿಕೊಂಡು ಬಂದಳು. ಹೆದರಿ ಕೂರುವ ಕಾಲ ಮುಗಿದಿತ್ತು. ಮೆಟ್ಟಿಲು ಹತ್ತುವಾಗಿನ ಏದುಸಿರೂ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು.

ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಮುಂದಿನ ರಿಪೋರ್ಟಿಗೆ ಕಾಯುವಾಗ ಕೈಯಲ್ಲಿದ್ದ ಚೀಟಿಯನ್ನು ಫಾರಂ ಹಾಗೆ ಮಡಚುತ್ತ ಬಿಚ್ಚುತ್ತ ಕೂತಳು. ಡಾಕ್ಟರಮ್ಮ ಹಾಳೆ ನೋಡಿ, ಕನ್ನಡಕ ಸರಿಮಾಡಿ, ಮತ್ತೆ ನೋಡಿದರು. "ಅರ್ಧಕ್ಕಿಂತ ಕೆಳಗೆ ಇಳಿದಿದೆ. ರಕ್ತಾನೂ ಏರಿದೆ. ಪೂರ್ತಿ ಸರಿಹೋಗೋಕೆ ಇನ್ನೂ ಸಮಯ ಬೇಕು, ಆದ್ರೆ ದಾರಿ ಇದೇ. ಕೊಳವೆ ಈಗ ಬೇಡ. ಏನು ಬದಲಾಯಿಸಿದ್ರಿ?"

"ಅಂಟು" ಅಂದಳು ಅವಳು. ಡಾಕ್ಟರಮ್ಮನಿಗೆ ಅದನ್ನು ವಿವರಿಸಿ ಹೊರಬರುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರು ಗೊಣಗತೊಡಗಿದ್ದರು.

ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಮನೆಗೆ ಫೋನ್ ಮಾಡಿದಳು.

"ಅತ್ತೆ, ಇಳಿದಿದೆ."

ಆ ಕಡೆ ಒಲೆಯ ಮೇಲೆ ಏನೋ ಕುದಿಯುವ ಸದ್ದು. ಮೂಗು ಸೀಟಿದ ಸದ್ದೂ ಬಂತು.

"ಎಷ್ಟು?"

"ಅರ್ಧಕ್ಕಿಂತ ಕೆಳಗೆ."

"ಇನ್ನರ್ಧಾನೂ ಇಳಿಸೋಣ. ಅತ್ತೆ ಅತ್ತೆ ಅಂತ ಅಲ್ಲೇ ನಿಂತ್ಕೋಬೇಡ, ಊಟ ಆರ್ತಿದೆ. ಬೇಗ ಬಾ."

ಅವಳು ಹೋದಳು. ತಟ್ಟೆಯ ಮುಂದೆ ಕೂತು, ಬಡಿಸಿದ್ದನ್ನು ಒಮ್ಮೆಯೂ ಪರೀಕ್ಷಿಸಿ ನೋಡದೆ, ಹೊಟ್ಟೆ ತುಂಬ ಉಂಡಳು.