ಯಾಂಗ್ಕಿಗೆ ಅಂಜಿನಮ್ಮ ಕಟ್ಟಿದ ಫೀಸು

ಅಂಜಿನಮ್ಮ ನಮ್ಮ ಶಾಲೆಯ ಆಯಾ. ಚಾಮರಾಜಪೇಟೆಯ ಆ ಪ್ರೈಮರಿ ಶಾಲೆಗೆ ನಾನು ಟೀಚರಾಗಿ ಸೇರಿದ್ದು ಎಪ್ಪತ್ತಮೂರರಲ್ಲಿ. ಅವರು ಅದಕ್ಕೂ ಐದಾರು ವರ್ಷ ಮೊದಲಿನಿಂದ ಅಲ್ಲಿದ್ದರು. ಗಂಟೆ ಹೊಡೆಯುವುದು, ಕೊಠಡಿ ಗುಡಿಸುವುದು, ಒಂದನೇ ಕ್ಲಾಸಿನ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡರೆ ತೊಳೆಸಿ ಬೇರೆ ತೊಡಿಸುವುದು, ಎಲ್ಲ ಅವರದೇ. ಓದು ಬರಹ ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ನಮ್ಮ ಗೇಟಿನ ಎದುರಿನ ಫುಟ್‌ಪಾತಿನಲ್ಲಿ ಪಸಾಂಗ್ ಎಂಬ ಟಿಬೆಟಿನ ಹೆಂಗಸು ಸ್ವೆಟರ್ ಮಾರುತ್ತಿದ್ದಳು. ಬೈಲುಕುಪ್ಪೆಯ ಕ್ಯಾಂಪಿನವಳು, ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅವಳನ್ನು ಅಂಜಿನಮ್ಮ ವರಾಂಡಕ್ಕೆ ಕರೆದು ನೀರು ಕೊಡುತ್ತಿದ್ದರು. ಇಬ್ಬರೂ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರು. ದೇಶ ಬಿಟ್ಟು ಓಡಿಬರುವಾಗ ಪಸಾಂಗಳ ತಂಗಿ ನೇಪಾಳದಲ್ಲೇ ಉಳಿದಳಂತೆ. ಪೋಖರಾ ಊರಿನ ಹತ್ತಿರ ಒಂದು ನಿರಾಶ್ರಿತರ ಕ್ಯಾಂಪು, ನಾಲ್ಕು ಮಕ್ಕಳು.

"ದೊಡ್ಡ ಹುಡುಗಿ ಯಾಂಗ್ಕಿ. ಎಂಟು ವರ್ಷ. ತುಂಬಾ ಚುರುಕು. ಸ್ಕೂಲಿಗೆ ಹಾಕೋಕೆ ಆಗಲ್ಲ, ಫೀಸು ಇಲ್ಲ" ಎಂದಳು ಒಂದು ದಿನ.

"ವರ್ಷಕ್ಕೆ ಎಷ್ಟಾಗತ್ತೆ?" ಎಂದು ಅಂಜಿನಮ್ಮ ಕೇಳಿದರು. ಸುಮ್ಮನೆ ಮಾತಿಗೆ ಕೇಳಿದ್ದಾರೆ ಎಂದುಕೊಂಡೆ. ಎಪ್ಪತ್ತಾರರ ಜನವರಿಯಲ್ಲಿ ಪಸಾಂಗ್ ಗಂಟುಮೂಟೆ ಕಟ್ಟಿ ಹೊರಟಾಗ ಅವಳ ಕೈಗೆ ಪೂರ್ತಿ ಒಂದು ತಿಂಗಳ ಸಂಬಳವನ್ನಿಟ್ಟರು.

"ಏನ್ ಅಂಜಿನಮ್ಮ ಇದು, ನೀವು ಕಂಡೂ ಇಲ್ಲದ ಹುಡುಗಿಗೆ?" ಎಂದೆ.

ಅವರು ಪೊರಕೆ ಗೋಡೆಗೆ ಒರಗಿಸಿ ಕೂತು ತಮ್ಮ ಕಥೆ ಹೇಳಿದರು. ಅವರ ಗಂಡ ದೇವಯ್ಯ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದವರು. ಅರವತ್ತಾರರಲ್ಲಿ ಮೂಟೆ ಸಮೇತ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಒಬ್ಬಳೇ ಮಗಳು ಶಕುಂತಲ ಆಗ ಆರನೇ ಕ್ಲಾಸು ಮುಗಿಸಿದ್ದಳು. ಅವಳನ್ನು ಶಾಲೆ ಬಿಡಿಸಿ ಊದುಬತ್ತಿ ಹೊಸೆಯಲು ಕೂರಿಸಿದರು. ಮೂರು ವರ್ಷ ಹಾಸಿಗೆಯಲ್ಲಿದ್ದು ದೇವಯ್ಯ ತೀರಿಕೊಂಡರು. ಅಷ್ಟು ಹೊತ್ತಿಗೆ ಹುಡುಗಿಯ ಕೈ ಕಪ್ಪಾಗಿತ್ತು, ಓದು ಮರೆತಿತ್ತು. ಆಮೇಲೆ ಹನುಮಂತನಗರದ ಒಬ್ಬ ಟೈಲರಿಗೆ ಕೊಟ್ಟು ಮದುವೆ ಮಾಡಿದರು.

"ಈಗ ಕೈಗೆ ನಾಕ್ ಕಾಸು ಬರತ್ತೆ ಮಿಸ್. ನನ್ ಮಗಳಿಗೆ ಕೊಡಕ್ಕಾಗತ್ತಾ ಆ ವರ್ಷಾನ?" ಎಂದು ಎದ್ದು ಹೋದರು.

ಯಾಂಗ್ಕಿಯ ಕಾಗದಗಳು ಶಾಲೆಯ ವಿಳಾಸಕ್ಕೆ ಬರತೊಡಗಿದವು. ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. 'ಬೆಂಗಳೂರು ಅಮಾಲಾ' ಎಂದು ಶುರುವಾಗುತ್ತಿತ್ತು. ಅಮಾಲಾ ಅಂದರೆ ಅವರಲ್ಲಿ ಅಮ್ಮ. ಕ್ಲಾಸಿನಲ್ಲಿ ಮೂರನೆಯವಳಾದೆ, ನಮ್ಮ ಕಿಟಕಿಯಲ್ಲಿ ಹಿಮದ ಬೆಟ್ಟ ಕಾಣುತ್ತದೆ, ನಿಮ್ಮ ಊರಲ್ಲಿ ಆನೆ ಇದೆಯಾ, ಇಂಥವೇ. ಅಂಜಿನಮ್ಮ ಒಂದೊಂದನ್ನೂ ನಾಲ್ಕು ಸಲ ಓದಿಸುತ್ತಿದ್ದರು. ವರ್ಷ ವರ್ಷದ ಫೀಸಿಗೆಂದು ಭಾನುವಾರಗಳಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದರು.

ಎಪ್ಪತ್ತೊಂಬತ್ತರಲ್ಲಿ ಒಂದು ದಿನ ಶಕುಂತಲ ತಾಯಿಯನ್ನು ನೋಡಲು ಶಾಲೆಗೇ ಬಂದಳು. ತಪ್ಪು ನನ್ನದು. ಅವಳಿಗೆ ಗೊತ್ತಿರುತ್ತದೆ ಎಂದುಕೊಂಡು, "ನಿಮ್ಮ ತಾಯಿಯದು ದೊಡ್ಡ ಮನಸ್ಸಮ್ಮ, ಆ ನೇಪಾಳದ ಹುಡುಗೀನ ಓದಿಸ್ತಿದ್ದಾರಲ್ಲ" ಎಂದುಬಿಟ್ಟೆ.

ಅವಳು ನೆಟ್ಟಗೆ ತಾಯಿಯ ಎದುರು ಹೋಗಿ ನಿಂತಳು. "ನಿನ್ ಕಾಲ್ ಹಿಡ್ಕೊಂಡ್ ಕೇಳಿದ್ನಲ್ಲಮ್ಮ, ಏಳನೇ ಕ್ಲಾಸೊಂದು ಮುಗಿಸ್ಕೋತೀನಿ ಅಂತ. ಆಗ ಇಲ್ದಿದ್ ದುಡ್ಡು ಊರಾಚೆ ಹುಡುಗೀಗೆ ಎಲ್ಲಿಂದ ಬಂತು?"

"ಆಗ ನಿಮ್ಮಪ್ಪ ಮಲಗಿದ್ರು ಕಣೇ..."

"ಅಪ್ಪನ ಹೆಸರು ಹೇಳ್ಬೇಡ" ಎಂದವಳು ಹೊರಟುಹೋದಳು. ಆಮೇಲೆ ಎರಡೂವರೆ ವರ್ಷ ಗವಿಪುರದ ತಾಯಿಮನೆಗೆ ಕಾಲಿಡಲಿಲ್ಲ.

ಎಂಬತ್ತೊಂದರ ಡಿಸೆಂಬರಿನಲ್ಲಿ ಪಸಾಂಗ್ ಬಂದವಳೇ, ಈ ಸಲ ದುಡ್ಡು ಬೇಡ ಎಂದಳು. ಯಾಂಗ್ಕಿಯನ್ನು ಶಾಲೆ ಬಿಡಿಸಿದ್ದರು. ಹದಿನಾಲ್ಕರ ಹುಡುಗಿ ಕ್ಯಾಂಪಿನ ಮಗ್ಗದಲ್ಲಿ ಕಾರ್ಪೆಟ್ ನೇಯುತ್ತಿದ್ದಳು.

ಅಂಜಿನಮ್ಮ ಕೂಗಾಡಿಬಿಟ್ಟರು. "ಫೀಸು ನಾನ್ ಕಟ್ತಿರ್ಲಿಲ್ವಾ? ಹೆತ್ತೋಳು ಅನ್ನೋಳು ಹಿಂಗ್ ಮಾಡ್ತಾಳಾ? ಏನ್ ಕಲ್ಲು ಮನಸ್ಸು ನಿನ್ ತಂಗೀದು!"

"ಅವಳ ಗಂಡನಿಗೆ ಎದೆ ಕಾಯಿಲೆ ಅಕ್ಕ. ಹಾಸಿಗೆ ಹಿಡಿದಿದ್ದಾನೆ" ಎಂದಳು ಪಸಾಂಗ್ ಮೆಲ್ಲಗೆ. "ಫೀಸು ಕಟ್ಟಿದರೆ ಮನೆಗೆ ಊಟ ಬರಲ್ಲ. ಮಗ್ಗದಲ್ಲಿ ಕೂತರೆ ಬರತ್ತೆ."

ಮೂರೂವರೆಯ ಗಂಟೆ ಹೊಡೆಯುವುದನ್ನು ಅವತ್ತು ಅಂಜಿನಮ್ಮ ಮರೆತರು. ನಾನೇ ಹೋಗಿ ಹೊಡೆದೆ.

ಫೆಬ್ರವರಿಯಲ್ಲಿ ಯಾಂಗ್ಕಿಯ ಕಾಗದ ಬಂತು. 'ನನ್ನ ಪುಸ್ತಕಗಳನ್ನು ತಂಗಿಗೆ ಕೊಟ್ಟಿದ್ದೇನೆ. ನೀವು ನಮ್ಮಮ್ಮನಿಗೆ ಬರೆದರೆ ಅವಳು ಕೇಳಬಹುದು. ನೀವೂ ಅಮ್ಮ ಅಲ್ಲವಾ.' ಅಂಜಿನಮ್ಮ ಇನ್ನೊಂದು ಸಲ ಓದಿ ಎನ್ನಲಿಲ್ಲ.

"ಏನಂತ ಬರೀಲಿ ಮಿಸ್? ಆಕೆಗೆ ಬುದ್ಧಿ ಹೇಳೋ ಮುಖ ನಂಗಿದ್ಯಾ?" ಎಂದರು. ಮೂರು ದಿನ ಬಿಟ್ಟು ಬಂದು ಬರೆಸಿದರು. ಹುಡುಗಿ ದುಡಿಯುವಷ್ಟನ್ನೂ ನಾನೇ ಕಳಿಸುತ್ತೇನೆ, ಅವಳನ್ನು ಶಾಲೆಗೆ ಕಳಿಸಿ ಎಂದು. ಎಲ್ಲಿಂದ ತರುತ್ತೀರಿ ಎಂದು ನಾನು ಕೇಳಲಿಲ್ಲ. ಉತ್ತರಕ್ಕೆ ಯುಗಾದಿ ಕಳೆಯುವವರೆಗೂ ಕಾದೆವು. ಬರಲಿಲ್ಲ.

ಆಮೇಲೊಂದು ಶನಿವಾರ, "ಮಗಳ ಮನೆಗೆ ಹೋಗ್ಬೇಕು, ಜೊತೆಗೆ ಬನ್ನಿ ಮಿಸ್, ಒಬ್ಬಳೇ ಹೋಗಕ್ಕೆ ಭಯ" ಎಂದರು. ಹನುಮಂತನಗರದ ಒಂದೇ ಕೋಣೆಯ ಮನೆ. ಶಕುಂತಲ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದಳು. ನನಗೆ ಚಾಪೆ ಹಾಸಿದಳು. ತಾಯಿ ಬಾಗಿಲಲ್ಲೇ ನಿಂತಿದ್ದರು.

"ನಿನ್ನ ಇಸ್ಕೂಲ್ ಬಿಡಿಸಿದ್ದು ತಪ್ಪಾಯ್ತು ಕಣೇ, ಶಕುಂತಲ."

ಅವಳು ಸೂಜಿ ನಿಲ್ಲಿಸಿ ತಾಯಿಯ ಮುಖ ನೋಡಿದಳು. "ಆ ಹುಡುಗೀನೂ ಬಿಡಿಸ್ಬಿಟ್ರಾ?"

"ಹೂಂ."

"ಅದಕ್ಕೇ ಬಂದ್ಯಾ" ಎಂದಳು. "ಅವಳು ಓದ್ತಾ ಇದ್ದಿದ್ರೆ ನೀನ್ ಬರ್ತಿದ್ಯಾ?"

ಅಂಜಿನಮ್ಮ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೊತ್ತಿ ಅತ್ತರು. ಶಕುಂತಲ ಕಾಫಿ ಮಾಡಿ ಇಬ್ಬರಿಗೂ ಕೊಟ್ಟಳು. ತಾಯಿಯ ಲೋಟ ನೆಲದ ಮೇಲಿಟ್ಟು, ಮತ್ತೆ ಬ್ಲೌಸು ಕೈಗೆತ್ತಿಕೊಂಡಳು.

ಹಬ್ಬಕ್ಕೆ ಬರುವುದನ್ನು ಅವಳು ಮತ್ತೆ ಶುರುಮಾಡಿದಳು. ತಾಯಿಗೆ ಜ್ವರ ಬಂದರೆ ಗಂಜಿ ಮಾಡಿ ತಂದಳು, ಆಸ್ಪತ್ರೆಗೂ ಕರೆದುಕೊಂಡು ಹೋದಳು. ಆದರೆ ಶಾಲೆ ಬಿಡಿಸಿದ ಮಾತನ್ನು ಇಬ್ಬರೂ ಎಂದೂ ಎತ್ತಲಿಲ್ಲ. "ಎಲ್ಲಾ ಮಾಡ್ತಾಳೆ ಮಿಸ್, ನನ್ ಮುಖ ನೋಡಲ್ಲ" ಎಂದರು ಒಮ್ಮೆ ಅಂಜಿನಮ್ಮ.

ಪಸಾಂಗ್ ಇನ್ನೆರಡು ಚಳಿಗಾಲ ಬಂದಳು, ಯಾಂಗ್ಕಿ ಮಗ್ಗದಲ್ಲೇ ಇದ್ದಾಳೆ ಎಂದಳು. ಆಮೇಲೆ ಅವಳು ಬರುವುದೂ ನಿಂತುಹೋಯಿತು. ಎಂಬತ್ತಾರರಲ್ಲಿ ಅಂಜಿನಮ್ಮ ರಿಟೈರಾದರು. ಆ ವಾರ ನನ್ನ ಹತ್ತಿರ ಬಂದು, ಯಾಂಗ್ಕಿಗೆ ಒಂದು ಕಾಗದ ಬರೆದುಕೊಡಿ ಎಂದರು. ಅವಳಿಗಾಗ ಹದಿನೆಂಟಾಗಿರಬೇಕು. ಏನು ಬರೆಯಲಿ ಎಂದು ಕೇಳಿದೆ.

"ಚೆನ್ನಾಗಿದೀಯಾ ಅಂತ ಕೇಳಿ, ಸಾಕು" ಎಂದರು.

ಕ್ಯಾಂಪಿನ ಹಳೆಯ ವಿಳಾಸಕ್ಕೆ ಹಾಕಿದೆ. ಮುಂದಿನ ವರ್ಷ ಅವರು ತೀರಿಕೊಳ್ಳುವವರೆಗೂ ಶುಕ್ರವಾರ ಶುಕ್ರವಾರ ಶಾಲೆಗೆ ಬಂದು, ಕಾಗದ ಬಂತಾ ಎಂದು ಕೇಳಿ ಹೋಗುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ.