ಮೀಟರಿನಲ್ಲಿ ಎರಡು ಕಿಲೋಮೀಟರು

ಗೋಕುಲ ರಸ್ತೆಯ ಹತ್ತಿ ವ್ಯಾಪಾರಿ ಶಿವಯೋಗೀಶನಿಗೆ ಯಾರ ಮೇಲೂ ಪೂರ್ತಿ ನಂಬಿಕೆಯಿರಲಿಲ್ಲ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವ ಮನುಷ್ಯ. ಎಂಟು ತಿಂಗಳ ಹಿಂದಷ್ಟೇ ಹೊಸ ಸ್ಟಾರ್ಟರ್ ಕ್ಲಚ್ ಹಾಕಿಸಿದ್ದ ಬೈಕು ಮತ್ತೆ ಕೈಕೊಟ್ಟಾಗ, ಅವನ ಅನುಮಾನ ನೇರವಾಗಿ ಮೆಕ್ಯಾನಿಕ್ ಇಸ್ತಿಯಾಕನ ಮೇಲೆ ಹೋಯಿತು. ಬಟನ್ ಒತ್ತಿದರೆ ಮೋಟರು ಗರಗರ ತಿರುಗುತ್ತಿತ್ತು, ಎಂಜಿನ್ ಅಲುಗುತ್ತಿರಲಿಲ್ಲ; ಎರಡನ್ನೂ ಜೋಡಿಸುವ ಆ ಕ್ಲಚ್ಚೇ ಹಿಡಿಯುತ್ತಿರಲಿಲ್ಲ. ಕಿಕ್ ಹೊಡೆದರೆ ಒಂದೇ ಏಟಿಗೆ ಚಾಲೂ.

“ಹಳೇ ಸಾಮಾನು ತೊಳದು ಹಾಕೀ ಏನು?” ಎಂದು ಕೇಳಿದ.

ಇಸ್ತಿಯಾಕ ಸಿಟ್ಟಾಗಲಿಲ್ಲ. ಕ್ಲಚ್ ಬಿಚ್ಚಿ, ಸವೆದ ರೋಲರುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ. “ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ ಚಾಲೂ ಮಾಡಿದ್ರ ಇಷ್ಟು ಸವಿಯೂದಿಲ್ರಿ. ಯಾರೋ ಮ್ಯಾಲಿಂದ ಮ್ಯಾಲೆ ಬಟನ್ ಒತ್ಯಾರ. ಮನ್ಯಾಗ ವಿಚಾರಸ್ರಿ.”

ಜಾರಿಕೊಳ್ಳುವ ಉಪಾಯ ಎಂದುಕೊಂಡರೂ ಹುಳ ತಲೆ ಹೊಕ್ಕಿತು. ಮಂಗಳವಾರ, ಶುಕ್ರವಾರ ಶಿವಯೋಗೀಶ ಪಾಲುದಾರನ ಕಾರಿನಲ್ಲಿ ಹಳ್ಳಿಗಳಿಗೆ ಹತ್ತಿ ನೋಡಲು ಹೋಗುತ್ತಿದ್ದ, ಬೈಕು ಮನೆಯಲ್ಲೇ. ಕ್ಲಚ್ ಮತ್ತೆ ಹೊಸದು ಹಾಕಿಸಿ, ಮುಂದಿನ ಮಂಗಳವಾರ ಹೊರಡುವಾಗ ಮೀಟರಿನ ಅಂಕಿಯನ್ನು ಜೇಬಿನಲ್ಲಿದ್ದ ಹಳೇ ಬಸ್ ಟಿಕೀಟಿನ ಹಿಂದೆ ಬರೆದುಕೊಂಡ. ಸಂಜೆ ನೋಡಿದರೆ ಎರಡು ಕಿಲೋಮೀಟರು ಹೆಚ್ಚು. ಬರೀ ಎರಡು ಕಿಲೋಮೀಟರಿಗೆ ಯಾರು ಗಾಡಿ ಕದ್ದು ಓಡಿಸುತ್ತಾರೆ? ಮೇಲಿನ ಮನೆಯ ಬಾಡಿಗೆದಾರ ಮಿಲಿಂದ ಇರಬಹುದೇ? ಹೆಂಡತಿ ಭಾಗ್ಯಶ್ರೀಗೂ ಏನೂ ಹೇಳಲಿಲ್ಲ.

ಶುಕ್ರವಾರ ಹೊರಟಂತೆ ಮಾಡಿ, ಓಣಿಯ ತುದಿಯ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತು ವಾಪಸಾದ. ಹಿತ್ತಿಲಿನಾಚೆಯ ಖಾಲಿ ಸೈಟಿನಿಂದ ಬೈಕಿನ ಸದ್ದು ಬಂತು. ಗೋಡೆಯ ಮೇಲಿಂದ ಇಣುಕಿದ. ಭಾಗ್ಯಶ್ರೀ ದುಪಟ್ಟಾ ಸೊಂಟಕ್ಕೆ ಬಿಗಿದು ಬೈಕಿನ ಮೇಲೆ ಕೂತಿದ್ದಳು. ನಾಲ್ಕು ಮಾರು ಹೋಗುವುದು, ಎಂಜಿನ್ ನಿಲ್ಲುವುದು, ಮತ್ತೆ ಬಟನ್ ಒತ್ತುವುದು.

“ಯಾವಾಗಿಂದ ನಡದೈತಿ ಇದು?”

ಅವಳು ಇಳಿಯಲಿಲ್ಲ. “ಮೂರು ತಿಂಗಳಾತು. ನಾ ಹೊಲಿದ ಜಂಪರ ಗಬ್ಬೂರಿನ ಗಿರಾಕಿಗೆ ಮುಟ್ಟಸಾಕ ಪ್ರತಿ ಸಲ ನಿಮ್ಮ ಮಾರಿ ನೋಡಬೇಕಾಗತಿತ್ತು.”

“ಕಿಕ್ ಹೊಡಿಬೇಕಿತ್ತು.”

“ನನ್ನ ಕಾಲಾಗ ಅಷ್ಟು ಕಸುವಿಲ್ರಿ.”

“ನನಗ ಹೇಳಬಾರದಿತ್ತೇನು?”

“ಹೇಳಿದ್ರ ಎರಡನೇ ಕೀಲಿನೂ ಅಡಗಿಸಿಡತಿದ್ರಿ.”

ಅದು ಖರೇ ಎಂದು ಅವನಿಗೂ ಗೊತ್ತಿತ್ತು. ಗೋಡೆ ಸುತ್ತಿ ಬಂದು ಹ್ಯಾಂಡಲ್ ಹಿಡಿದ. “ಕೈಯಾಗಿನ ಕ್ಲಚ್ ಮೆಲ್ಲಕ ಬಿಡು. ಆಗ ಬಂದ್ ಬೀಳೂದಿಲ್ಲ.”

ಮರುದಿನ ಇಸ್ತಿಯಾಕನ ಅಂಗಡಿಗೆ ಹೋಗಿ, “ತಪ್ಪು ನಿಂದಲ್ಲ ಬಿಡು,” ಎಂದ.

“ಮತ್ಯಾರದ್ರಿ?”

“ಅದೆಲ್ಲ ಯಾಕ. ಆಯಿಲ್ ಬದಲಿಸು,” ಎಂದವನು, ಡಬ್ಬಿಯ ಸೀಲು ಒಡೆಯುವವರೆಗೂ ಪಕ್ಕದಲ್ಲೇ ನಿಂತು ನೋಡಿದ.